ಮಗಳಿಗೊಂದು ಪತ್ರ: ನಿಜವಾದ ಗಂಟೆ ಹೇಳು

ಮಂಡ್ಯ

ಪುಟ್ಟಿ,

50 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೀಯ. ಮಂಡ್ಯದಿಂದ ಮೈಸೂರಿಗೆ ಸುಮಾರು 45, ಅದಾದ ಮೇಲೆ ಇನ್ನೂ ಐದು ಅಂತ ಅಜ್ಜಿಗೆ ಹೇಳು, ತಟ್ಟನೆ ಅರ್ಥವಾಗುತ್ತೆ. ಬಸ್ಸಿರುವಾಗ ಯಾಕೆ ಓಡಬೇಕು ಅನ್ನೋದು ಮಾತ್ರ ಅರ್ಥವಾಗಲ್ಲ, ಬಿಡು.

16 ವಾರದ ತಯಾರಿಯಲ್ಲಿ ಮನೆಯಲ್ಲಿ ಮುನಿಸು ಹುಟ್ಟೋದು ಓಡಿದ್ದಕ್ಕಲ್ಲ, ಹೇಳಿದ ಹೊತ್ತಿಗೆ ಸಿಗದಿದ್ದಕ್ಕೆ. ಭಾನುವಾರದ ಉದ್ದ ಓಟವನ್ನೇ ತಗೋ, ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ 28 ಕಿ.ಮೀ.ಗೆ ಮೂರೂವರೆ ಗಂಟೆ. ಬೆಳಿಗ್ಗೆ 5ಕ್ಕೆ ಹೊರಟವಳು ‘ಒಂಬತ್ತಕ್ಕೆ ಬರ್ತೀನಿ’ ಅಂತೀಯ. ಮೈ ಸಡಿಲಿಸೋದು, ಸ್ನಾನ, ತಿಂಡಿ, ಒಂದು ಗಂಟೆ ನಿದ್ದೆ ಸೇರಿದರೆ ಹನ್ನೊಂದೂವರೆ. ಹನ್ನೆರಡು ಅಂತಲೇ ಹೇಳು.

ಕ್ಯಾಲೆಂಡರಿನಲ್ಲಿ ಮೊದಲು ಮದುವೆ, ನಾಮಕರಣ, ಹಬ್ಬ, ಗೆಳತಿಯರ ಹುಟ್ಟಿದ ದಿನ ಬರಿ. ಓಟ ಆಮೇಲೆ. ಮೂರು ವಾರ ದೂರ ಏರಿಸಿ ನಾಲ್ಕನೇ ವಾರ ಕಾಲು ಭಾಗ ಇಳಿಸಬೇಕಲ್ಲ, ಆ ಇಳಿಕೆ ವಾರವನ್ನು ದೊಡ್ಡ ಸಮಾರಂಭ ಇರುವಲ್ಲಿ ಕೂರಿಸು. ಭಾನುವಾರ ಬೀಗರೂಟ ಬಿದ್ದರೆ ಉದ್ದ ಓಟ ಗುರುವಾರ ಮುಗಿಸು, ಆಗದಿದ್ದರೆ ಬಿಟ್ಟೇಬಿಡು. ಬಿಟ್ಟಿದ್ದನ್ನು ಮುಂದಿನ ವಾರಕ್ಕೆ ಸೇರಿಸಿ ಓಡಬೇಡ. ದೂರ ಒಮ್ಮೆಲೇ ಏರಿದರೆ ಮೊಣಕಾಲೋ ಹಿಮ್ಮಡಿಯೋ ಹಿಡಿದುಕೊಳ್ಳುತ್ತೆ, ಆಮೇಲೆ ವಾರಗಟ್ಟಲೆ ಮನೆಯಲ್ಲೇ.

ಚಾಮುಂಡಿ ಬೆಟ್ಟದ ವಿಷಯದಲ್ಲಂತೂ ಹುಷಾರು. ಸಾವಿರ ಮೆಟ್ಟಿಲು ಹತ್ತುವಾಗ ಉಸಿರು ಹೋಗುತ್ತೆ, ಇಳಿಯುವಾಗ ತೊಡೆ ಹೋಗುತ್ತೆ. ಇಳಿತದಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೀಬೇಕು. ಆ ನೋವು ಮಾರನೇ ದಿನಕ್ಕಿಂತ ಅದರ ಮಾರನೇ ದಿನ ಜಾಸ್ತಿ. ಗುರುವಾರ ಇಳಿದು ಶನಿವಾರ ಮದುವೆಮನೆಯಲ್ಲಿ ಬಗ್ಗಿ ಬಡಿಸೋಕೆ ಹೋಗು, ಗೊತ್ತಾಗುತ್ತೆ. ಆಷಾಢ ಶುಕ್ರವಾರ ಆ ಕಡೆ ತಲೆ ಹಾಕಲೇಬೇಡ. ಅಷ್ಟು ಜನರ ಮಧ್ಯೆ ಓಟ ಎಲ್ಲಿಂದ ಬರಬೇಕು?

ಮಧ್ಯಾಹ್ನ ಎಲ್ಲರ ಮೇಲೂ ಸಿಡುಕ್ತೀಯಲ್ಲ, ಅದರಲ್ಲಿ ಅರ್ಧ ಹಸಿವು. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಒಂದು ಬಾಳೆಹಣ್ಣಲ್ಲಿ 25 ಗ್ರಾಂ ಆಸುಪಾಸು, ಉಳಿದಿದ್ದಕ್ಕೆ ಬೆಲ್ಲ, ಖರ್ಜೂರ. ನೀರು ಗಂಟೆಗೆ ಅರ್ಧ ಲೀಟರ್ ಸುಮಾರು, ಬೆವರು ನೋಡಿಕೊಂಡು ಹೆಚ್ಚುಕಡಿಮೆ, ಜೊತೆಗೆ ಉಪ್ಪು. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿಯುತ್ತೆ, ಅದು ಅಪಾಯ. ಮುಟ್ಟು ತಪ್ಪಿದರೆ ‘ಓಡ್ತೀನಲ್ಲ, ಅದಕ್ಕೆ’ ಅಂತ ಸುಮ್ಮನಾಗಬೇಡ. ಓಡುವಷ್ಟು ಉಣ್ಣುತ್ತಿಲ್ಲ ಅನ್ನೋದರ ಗುರುತು ಅದು ಆಗಿರಬಹುದು. ಡಾಕ್ಟರಿಗೆ ತೋರಿಸು.

ಗೆಳತಿಯರಿಗೆ ಸೋಮವಾರ ಸಂಜೆ ಕೊಟ್ಟುಬಿಡು, ಹೇಗೂ ಅವತ್ತು ಓಟವಿಲ್ಲ. ಓಟದ ಸುದ್ದಿ ಅವರಾಗಿ ಕೇಳಿದರೆ ಮಾತ್ರ. ಓಡದವಳೊಬ್ಬಳನ್ನು ಸ್ಕೂಟರ್ ಮೇಲೆ ಬರಹೇಳು, ಉದ್ದ ಓಟದ ಕೊನೆಯ ಎಂಟು ಕಿ.ಮೀ.ಗೆ ನೀರು ಹಿಡಿದುಕೊಂಡು. ಕಾಫಿ ಖರ್ಚು ನಿನ್ನದು.

ಓಟದ ದಿನ ನಾವೂ ಬರ್ತೀವಿ. ಯಾರು ಬಾಟಲಿ ತುಂಬಬೇಕು, ಒಣ ಕಾಲುಚೀಲ ಯಾರ ಬ್ಯಾಗಲ್ಲಿ ಅಂತ ಚೀಟಿ ಬರೆದುಕೊಡು. 35 ಕಿ.ಮೀ. ದಾಟಿದ ಮೇಲೆ ನಿನಗೆ ಮಾತಾಡೋಕೂ ಬೇಜಾರು, ಆಗ ನಾವು ಎದುರು ನಿಂತು ‘ಏನು ಬೇಕು, ಏನು ಬೇಕು’ ಅಂತ ಪೀಡಿಸೋದು ಬೇಡ.

ಬರೋ ಭಾನುವಾರ ಇಳಿಕೆ ವಾರ ತಾನೆ? ಅಜ್ಜಿ ಒಬ್ಬಟ್ಟು ಮಾಡ್ತಾರಂತೆ. ಎಷ್ಟೊತ್ತಿಗೆ ಬರ್ತೀಯ? ನಿಜವಾದ ಗಂಟೆ ಹೇಳು.

ನಿನ್ನ
ಅಮ್ಮ