ಮನೋವೈದ್ಯರೇ ಬೇರೆ, ಮನಶ್ಶಾಸ್ತ್ರಜ್ಞರೇ ಬೇರೆ

ಮಾನ್ಯರೇ,

ಅರಸೀಕೆರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ದಿನಾ ಬೆಳಿಗ್ಗೆ ಪೇಪರ್ ಓದುವವನು. ಮನೋವೈದ್ಯ, ಮನಶ್ಶಾಸ್ತ್ರಜ್ಞ, ಆಪ್ತಸಮಾಲೋಚಕ ಈ ಮೂರೂ ಒಂದೇ ಅನ್ನುವ ಹಾಗೆ ಪತ್ರಿಕೆಗಳು ಬರೆಯುತ್ತವೆ. ತಲೆಬರಹದಲ್ಲಿ ಮನೋವೈದ್ಯರಾಗಿದ್ದವರು ನಾಲ್ಕು ಸಾಲು ಕೆಳಗೆ ಬರುವಷ್ಟರಲ್ಲಿ ಮನಶ್ಶಾಸ್ತ್ರಜ್ಞರಾಗಿರುತ್ತಾರೆ. ಇದರಿಂದ ಆಗುವ ತೊಂದರೆ ನನ್ನ ಕೌಂಟರ್ ಮುಂದೆ ಬಂದು ನಿಲ್ಲುತ್ತದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹಳ್ಳಿಯಿಂದ ಒಬ್ಬ ತಾಯಿ ಬಂದು, "ಅಣ್ಣಾ, ಇದ್ರಲ್ಲಿರೋ ಮಾತ್ರೆ ಕೊಡಿ" ಅಂತ ಚೀಟಿ ಚಾಚಿದರು. ಬಿಡಿಸಿ ನೋಡಿದರೆ ಮಾತ್ರೆಯ ಹೆಸರೇ ಇಲ್ಲ. ರಾತ್ರಿ ಹತ್ತೂವರೆಗೆ ಮಲಗಬೇಕು, ಮೊಬೈಲ್ ದೂರ ಇಡಬೇಕು, ದಿನಾ ಡೈರಿ ಬರೆಯಬೇಕು ಅಂತಿತ್ತು. ಬರೆದ ಸಮಾಲೋಚಕರ ಹೆಸರಿನ ಹಿಂದೆ 'ಡಾ.' ಇತ್ತು. ಅದು ಪಿಎಚ್‌.ಡಿ. ಮಾಡಿದ್ದಕ್ಕೆ ಬಂದ ಡಾ. ಮಗ ಹತ್ತು ದಿನದಿಂದ ಸರಿಯಾಗಿ ಮಲಗಿಲ್ಲ, ಯಾರೋ ಬೈತಿದ್ದಾರೆ ಅಂತ ಕಿವಿ ಮುಚ್ಚಿಕೊಂಡು ಕೂರುತ್ತಾನಂತೆ. ಮೂರು ಸಲ ಹೋಗಿ ಬಂದಿದ್ದರು, ಸಲಕ್ಕೆ ಎಂಟುನೂರು ರೂಪಾಯಿ. ಸಮಾಲೋಚಕರ ತಪ್ಪೇನಿಲ್ಲ. 'ಮನೋವೈದ್ಯರಿಗೆ ತೋರಿಸಿ' ಅಂತ ಚೀಟಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಬರೆದೇ ಇದ್ದರು. ಅದನ್ನು ಓದಿ ಹೇಳಿದರೆ ಆಕೆ, "ನಾವು ತೋರಿಸ್ತಿರೋದು ಮನಸ್ಸಿನ ಡಾಕ್ಟ್ರಿಗೇ ಅಲ್ವಾ?" ಅಂದರು.

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯನ್ನೋ ಡಿಪ್ಲೊಮಾವನ್ನೋ ಮಾಡಿದ ಡಾಕ್ಟರು. ಮಾತ್ರೆ ಬರೆಯಬಲ್ಲವರು ಅವರು. ಮನಶ್ಶಾಸ್ತ್ರಜ್ಞರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮನಶ್ಶಾಸ್ತ್ರ ಓದಿ, ಎಂ.ಫಿಲ್.ನಂಥ ಕೋರ್ಸಿನಲ್ಲಿ ಆಸ್ಪತ್ರೆಯಲ್ಲೇ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡವರು. ಮನಸ್ಸಿಗೆ ಸಂಬಂಧಿಸಿದ ಪರೀಕ್ಷೆಗಳನ್ನು ಮಾಡುತ್ತಾರೆ, ವಾರವಾರ ಕೂರಿಸಿಕೊಂಡು ಮಾತಿನ ಚಿಕಿತ್ಸೆ ಕೊಡುತ್ತಾರೆ. ಮಾತ್ರೆ ಬರೆಯುವ ಹಾಗಿಲ್ಲ. ತಮ್ಮ ಕ್ಷೇತ್ರದ್ದಲ್ಲದ ಔಷಧಿಯನ್ನು ಯಾರೂ ಬರೆಯಕೂಡದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಆತಂಕಕ್ಕೆ, ನಿದ್ದೆಗೆ ಕೊಡುವ ಅಲ್ಪ್ರಜೋಲಮ್‌ನಂಥ ಮಾತ್ರೆ ಮಾರಿದರೆ ಬರೆದ ಡಾಕ್ಟರ ಹೆಸರು, ಪೇಷಂಟ್ ಹೆಸರು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ಜನ ನನ್ನ ಮೇಲೆ ಸುಮ್ನೆ ಸಿಟ್ಟಾಗುತ್ತಾರೆ.

ಆಪ್ತಸಮಾಲೋಚಕರ ಬೋರ್ಡು ಈಗ ಬೀದಿಗೊಂದು. ಎರಡು ವರ್ಷ ಎಂ.ಎಸ್‌ಸಿ. ಓದಿ ಚೆನ್ನಾಗಿ ಪಳಗಿದವರಿದ್ದಾರೆ, ವಾರಾಂತ್ಯದ ಕೋರ್ಸು ಮಾಡಿ ಬೋರ್ಡು ಹಾಕಿಕೊಂಡವರೂ ಇದ್ದಾರೆ. ಹಾಗಾಗಿ ಓದಿದ್ದೇನು ಅಂತ ಕೇಳಲು ನಾಚಬಾರದು. ಗಾರೆ ಮೇಸ್ತ್ರಿಯನ್ನೇ ವಿಚಾರಿಸದೆ ಕರೆಯುವುದಿಲ್ಲ ನಾವು. ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೂ ಇರುತ್ತಾರೆ. ಮನೆಯವರನ್ನು ಕೂರಿಸಿ ಮಾತಾಡುವುದು, ಅಂಗವಿಕಲರ ಕಾರ್ಡು, ಪಿಂಚಣಿಗೆ ದಾರಿ ತೋರಿಸುವುದು ಅವರ ಕೆಲಸ. ಇನ್ನು ನರರೋಗ ತಜ್ಞರು ಲಕ್ವ, ಫಿಟ್ಸ್ ನೋಡುವವರು. 'ನರದ ವೀಕ್ನೆಸ್' ಅಂತ ಹೇಳಿಕೊಂಡು ಹಾಸನಕ್ಕೆ ಹೋಗಿ, ಸ್ಕ್ಯಾನ್ ಮಾಡಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ನರ ಅಂದರೆ ಮರ್ಯಾದೆ, ಮನಸ್ಸು ಅಂದರೆ ಅವಮಾನ!

ಇದರ ಉಲ್ಟಾನೂ ಉಂಟು. ಹೆಂಡತಿ ತೀರಿಕೊಂಡ ಮೇಲೆ ಮಂಕಾಗಿದ್ದ ನಮ್ಮ ಬೀದಿಯ ಮೇಷ್ಟ್ರೊಬ್ಬರು ಮನೋವೈದ್ಯರ ಹತ್ತಿರ ಹೋದರು. ಡಾಕ್ಟರು, ಮಾತ್ರೆ ಬೇಡ, ಸೈಕಾಲಜಿಸ್ಟ್ ಹತ್ತಿರ ಕೂತು ಮಾತಾಡಿ ಅಂದರಂತೆ. "ಫೀಸು ತಗೊಂಡು ಒಂದು ಗುಳಿಗೆನೂ ಕೊಡಲಿಲ್ಲ" ಅಂತ ಇಡೀ ಬೀದಿಗೆ ಹೇಳಿಕೊಂಡು ತಿರುಗಿದರು.

ಚೀಟಿ ತಂದಿದ್ದ ಆ ತಾಯಿಯ ಮಗ ಈಗ ತಿಂಗಳಿಗೊಮ್ಮೆ ಮಾತ್ರೆಗೆ ನಮ್ಮ ಅಂಗಡಿಗೇ ಬರುತ್ತಾನೆ. ಜಿಲ್ಲಾಸ್ಪತ್ರೆಯ ಮನೋವೈದ್ಯರು ನೋಡುತ್ತಿದ್ದಾರೆ. ಮೊದಲಿನ ಸಮಾಲೋಚಕರ ಹತ್ತಿರವೂ ಹೋಗುತ್ತಾನೆ, ಅದು ನಿಲ್ಲಬಾರದು ಅಂತ ಡಾಕ್ಟರೇ ಹೇಳಿದ್ದಾರಂತೆ.

ನನ್ನ ಕೋರಿಕೆ ಇಷ್ಟೇ. ಯಾರದೇ ಅಭಿಪ್ರಾಯ ಹಾಕುವಾಗ ಹೆಸರಿನ ಪಕ್ಕ ಅವರ ಓದನ್ನೂ ಹಾಕಿ: ಎಂ.ಡಿ.ಯೋ, ಎಂ.ಫಿಲ್ಲೋ, ಎಂ.ಎಸ್‌ಸಿ.ಯೋ. ಆತ್ಮಹತ್ಯೆಯ ಸುದ್ದಿ ಬಂದಾಗ ಕೆಳಗೆ ಟೆಲಿ ಮಾನಸ್‌ನ 14416 ನಂಬರನ್ನೂ ಅಚ್ಚು ಹಾಕಿ. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನಂತೂ ಅದನ್ನು ರಟ್ಟಿನ ಮೇಲೆ ಬರೆದು ಕೌಂಟರಿಗೆ ಅಂಟಿಸಿದ್ದೇನೆ. ಅಕ್ಷರ ಮಾಸಿ ಈಗಾಗಲೇ ಎರಡು ಸಲ ತಿದ್ದಿ ಬರೆದಿದ್ದಾಯಿತು.

ಇತಿ,
ಮೆಡಿಕಲ್ ಶಾಪಿನ ಒಬ್ಬ ಓದುಗ, ಅರಸೀಕೆರೆ