ಆ ನಾಯಿ ಅಡ್ಡ ಬಂದಿರಲಿಲ್ಲ

ಡೊಂಬಿವಲಿ
ಜನವರಿ ಕೊನೆಯ ವಾರ

ಪ್ರೀತಿಯ ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ಹಿಮದ ರಸ್ತೆಯಲ್ಲಿ ಕಾರು ಜಾರಿ ಟ್ಯಾಕ್ಸಿಗೆ ಗುದ್ದಿದ್ದರ ಬಗ್ಗೆ ನೀನು ಮೊಬೈಲಿಗೆ ಕಳಿಸಿದ ಉದ್ದನೆಯ ಸಂದೇಶವನ್ನು ಮೊನ್ನೆ ರಾತ್ರಿ ಓದಿದೆ. ಫೋಟೋಗಳನ್ನು ತೆರೆಯುವ ಮೊದಲು ‘ಯಾರಿಗೂ ಏನೂ ಆಗಿಲ್ಲ’ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಅದು ಏಳನೆಯ ಸಾಲಿನಲ್ಲಿತ್ತು. ಇಂಥ ಸುದ್ದಿಯನ್ನು ಇನ್ನೆಂದಾದರೂ ಬರೆಯಬೇಕಾಗಿ ಬಂದರೆ ಆ ಸಾಲನ್ನು ಎಲ್ಲಕ್ಕಿಂತ ಮೊದಲು ಬರೆ. ಆರು ಸಾಲು ದಾಟುವಷ್ಟರಲ್ಲಿ ನನ್ನ ಕೈಕಾಲು ತಣ್ಣಗಾಗಿದ್ದವು.

ಆಗಲೇ ಫೋನ್ ಮಾಡಿದ್ದರೆ ಬೈದುಬಿಡುತ್ತಿದ್ದೆ. ಅದಕ್ಕಾಗಿಯೇ ಎರಡು ದಿನ ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದು.

ನಿನ್ನ ಸಂದೇಶದಲ್ಲಿ ‘ಇದ್ದಕ್ಕಿದ್ದಂತೆ’ ಎಂಬ ಪದ ಮೂರು ಸಲ ಬಂದಿದೆ. ಇದ್ದಕ್ಕಿದ್ದಂತೆ ರಸ್ತೆ ಜಾರಿತು, ಇದ್ದಕ್ಕಿದ್ದಂತೆ ಬ್ರೇಕ್ ಅದುರಿತು, ಇದ್ದಕ್ಕಿದ್ದಂತೆ ಮುಂದೆ ಟ್ಯಾಕ್ಸಿ ಇತ್ತು. ನಾನು 31 ವರ್ಷ ವಾಹನ ವಿಮೆಯ ಸರ್ವೇಯರ್ ಆಗಿ, ಅಪಘಾತದ ಹಾನಿ ನೋಡಿ ವರದಿ ಬರೆಯುತ್ತಿದ್ದವನು. ಠಾಣೆಯಿಂದ ಮಹಾಡದವರೆಗೆ ನಾನು ಕಾಲಿಡದ ಗ್ಯಾರೇಜು ಕಡಿಮೆ. ಕ್ಲೇಮ್ ಅರ್ಜಿಗಳು ಮರಾಠಿಯಲ್ಲಿರಲಿ, ಹಿಂದಿಯಲ್ಲಿರಲಿ, ಅಪಘಾತ ಹೇಗಾಯಿತು ಎಂಬ ಖಾನೆಯಲ್ಲಿ ‘ಅಚಾನಕ್’ ಎಂಬ ಪದವಂತೂ ಇದ್ದೇ ಇರುತ್ತಿತ್ತು. ಬರೆದವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೆಯೇ ಕಂಡಿರುತ್ತಿತ್ತು. ಆದರೆ ಟೈರಿನ ಗುರುತು ನೋಡಿ, ಹೊತ್ತು ಗೊತ್ತು ವಿಚಾರಿಸಿ, ಒಂದು ಗಂಟೆ ಮಾತನಾಡಿಸಿದರೆ ಅಪಘಾತ ಶುರುವಾದದ್ದು ಎಷ್ಟೋ ಹೊತ್ತಿಗೆ ಮುಂಚೆ ಎಂದು ತಿಳಿಯುತ್ತಿತ್ತು.

ನಿನ್ನದು ಶುರುವಾದದ್ದು ಮಧ್ಯಾಹ್ನ ಮೂರು ಗಂಟೆಗೆ, ಹಿಮಾಚಲದ ಸಿಸ್ಸು ಊರಿನ ಆ ಢಾಬಾದಲ್ಲಿ. ನೀನೇ ಬರೆದಿದ್ದೀಯ: ಚಹಾ ಕೊಟ್ಟ ಹೆಂಗಸು, ಬಿಸಿಲು ಇಳಿಯುತ್ತಿದೆ, ಈಗ ಹೊರಡಬೇಡಿ, ಇಲ್ಲೇ ಉಳಿದು ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೋಗಿ ಎಂದಳು. ನಿನಗೂ ಉಳಿಯಬೇಕೆನಿಸಿತ್ತು. ಹಿಂದಿನ ಸೀಟಿನಲ್ಲಿದ್ದ ಇಬ್ಬರು ಸ್ನೇಹಿತರು ಮನಾಲಿಯಲ್ಲಿ ರೂಮಿಗೆ ದುಡ್ಡು ಕಟ್ಟಿದ್ದೇವೆ ಎಂದರು, ಮುಂಬೈಯವನಿಗೆ ಚಳಿ ಹತ್ತಿತು ಎಂದು ನಕ್ಕರು. ನೀನು ಕೀಲಿ ತಿರುಗಿಸಿದೆ. ಪುಟ್ಟಾ, ನಾನು ಈ ಕಾಗದ ಬರೆಯುತ್ತಿರುವುದು ಆ ಕೀಲಿ ತಿರುಗಿಸಿದ್ದರ ಬಗ್ಗೆ. ಹಿಮದ ಮೇಲೆ ಕಾರು ಜಾರಿದ್ದಕ್ಕೆ ನಿನ್ನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಮುಲುಂಡಿನಲ್ಲಿ ಬೆಳೆದ ಹುಡುಗ ಹಿಮವನ್ನು ಎಲ್ಲಿ ನೋಡಿರಬೇಕು? ಚಂಡೀಗಢದಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿಲ್ಲ.

ಆದರೂ ಅಲ್ಲಿ ಏನಾಯಿತೆಂದು ನೀನು ತಿಳಿದುಕೊಳ್ಳಬೇಕು. ಹಗಲು ಬಿಸಿಲಿಗೆ ರಸ್ತೆಯಂಚಿನ ಹಿಮ ಕರಗಿ ನೀರಾಗಿ ಡಾಂಬರಿನ ಮೇಲೆ ಹರಿಯುತ್ತದೆ. ಸೂರ್ಯ ಬೆಟ್ಟದ ಹಿಂದೆ ಸರಿದೊಡನೆ ಅದೇ ನೀರು ತೆಳ್ಳನೆಯ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಕೆಳಗಿನ ಡಾಂಬರಿನ ಬಣ್ಣವೇ ಕಾಣುವುದರಿಂದ ರಸ್ತೆ ಬರೀ ಒದ್ದೆಯಾಗಿದೆ ಎನಿಸುತ್ತದೆ. ನೀನು ಜಾರಿದ್ದು ಅಟಲ್ ಸುರಂಗದ ಉತ್ತರ ದ್ವಾರಕ್ಕೆ ಮೊದಲು ಸಿಗುವ ಚಂದ್ರಾ ನದಿಯ ಸೇತುವೆಯ ಬಳಿ ಅಲ್ಲವೇ? ಬೇರೆ ರಸ್ತೆಗೆ ಕೆಳಗಿನ ಮಣ್ಣಿನ ಬಿಸುಪು ಸ್ವಲ್ಪವಾದರೂ ಇರುತ್ತದೆ. ಸೇತುವೆಗೆ ಮೇಲೂ ಗಾಳಿ, ಕೆಳಗೂ ಗಾಳಿ. ಹಾಗಾಗಿ ಅದು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತದೆ.

ನಿನ್ನ ವೇಗ ಗಂಟೆಗೆ 30 ಕಿಲೋಮೀಟರ್ ಇತ್ತು ಎಂದಿದ್ದೀಯ, ನಂಬುತ್ತೇನೆ. ನಿನ್ನೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಆ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣಗಿದ ರಸ್ತೆಯಲ್ಲಿ ಕಾರು ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ 17-18 ಮೀಟರ್ ಬೇಕು. ಬರಿಯ ಮಂಜುಗಡ್ಡೆಯ ಮೇಲಾದರೆ 35 ಮೀಟರ್. ಟ್ಯಾಕ್ಸಿ ನಿನಗೆ ಕಂಡದ್ದು 20 ಮೀಟರ್ ದೂರದಲ್ಲಿ. ಇನ್ನು ಬ್ರೇಕ್ ಅದುರಿದ್ದು. ಚಕ್ರ ಲಾಕ್ ಆಗದಂತೆ ಎಬಿಎಸ್ ಬ್ರೇಕನ್ನು ಹಿಡಿದು ಬಿಟ್ಟು ಮಾಡುವಾಗ ಪೆಡಲ್ ಕಾಲಡಿಯಲ್ಲಿ ಹಾಗೆ ಟಕಟಕನೆ ಅದುರುತ್ತದೆ. ಬ್ರೇಕ್ ಕೆಟ್ಟಿತೆಂದು ಹೆದರಿ ನೀನು ಕಾಲು ತೆಗೆದೆ. ಹೊಸಬರಲ್ಲಿ ಎಷ್ಟೋ ಮಂದಿ ಹೀಗೇ ತೆಗೆಯುತ್ತಾರೆ. ಅದುರಿದರೆ ಕಾಲು ತೆಗೆಯಬೇಡ, ಒತ್ತಿ ಹಿಡಿ, ಸ್ಟೀರಿಂಗನ್ನು ಹೋಗಬೇಕಾದ ಕಡೆಗೆ ಮೆತ್ತಗೆ ತಿರುಗಿಸು. ಕಣ್ಣೂ ಆ ಕಡೆಗೇ ಇರಲಿ. ಗುದ್ದಬಾರದೆಂದುಕೊಂಡ ವಸ್ತುವನ್ನೇ ದಿಟ್ಟಿಸುತ್ತಿದ್ದರೆ ಕೈ ಅಲ್ಲಿಗೇ ಒಯ್ಯುತ್ತದೆ.

ಟೈರಿನ ಮಾತು ಬೇಗ ಮುಗಿಸುತ್ತೇನೆ. ನಮ್ಮ ಮಾಮೂಲಿ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮತ್ತೆ ಆ ಕಡೆ ಹೋಗುವುದಾದರೆ ಹಿಮದಲ್ಲಿ ಟೈರಿಗೆ ಸುತ್ತುವ ಚೈನ್ ತೆಗೆದುಕೊಂಡು ಹೋಗು, ನಿನ್ನ ಕಾರಿಗೆ ಅದನ್ನು ಮುಂದಿನ ಚಕ್ರಗಳಿಗೆ ಹಾಕಬೇಕು. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹೆಪ್ಪುಗಟ್ಟಿ ಕಚ್ಚಿಕೊಳ್ಳಬಹುದು, ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡು. ಹಿಮದಲ್ಲಿ ಸಿಕ್ಕಿಕೊಂಡು ಎಂಜಿನ್ ಹಚ್ಚಿ ಒಳಗೆ ಕುಳಿತರೆ ಹೊಗೆಕೊಳವೆಯ ಬಾಯಿ ಹಿಮದಿಂದ ಮುಚ್ಚಿಲ್ಲ ಎಂದು ಮೊದಲು ನೋಡು. ಆ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ್ದು ಮೂರನೆಯ ಫೋಟೋ. ನಿಮ್ಮ ಕಾರಿನ ಮುಂಭಾಗ, ಟ್ಯಾಕ್ಸಿಯ ಹಿಂಭಾಗ, ನಡುವೆ ಬಗ್ಗಿ ನಿಂತು ಬಂಪರ್ ನೋಡುತ್ತಿರುವ ನೀವು ಮೂವರು. ನಿಮ್ಮ ಕಾರು ಯಾವ ಮಂಜುಗಡ್ಡೆಯ ಮೇಲೆ ನಿಲ್ಲಲಾರದೆ ಹೋಯಿತೋ ಅದೇ ಮಂಜುಗಡ್ಡೆಯ ಮೇಲೆ ಹಿಂದಿನಿಂದ ಇನ್ನೊಂದು ಕಾರು ಬರುತ್ತಿರುತ್ತದೆ. ಅದೂ ನಿಲ್ಲಲಾರದು. ಘಟ್ಟದ ರಸ್ತೆಯಲ್ಲಿ ಒಂದು ದೀಪ ಒಡೆದಷ್ಟೇ ಆಗಿದ್ದ ಅಪಘಾತದ ಜಾಗಕ್ಕೆ ನಾನು ಒಮ್ಮೆ ಹೋಗಿದ್ದೆ. ಒಡೆದ ದೀಪ ನೋಡಲು ಇಳಿದವನು ಎರಡು ಗಾಡಿಗಳ ನಡುವೆ ನಿಂತಿದ್ದ, ಮೂರನೆಯದು ಬಂದು ಗುದ್ದಿತು. ಹೆಚ್ಚಿಗೆ ಬರೆಯುವುದಿಲ್ಲ. ಇನ್ನು ಮುಂದೆ ಮಿನುಗುದೀಪ ಹಾಕು, ಇಳಿಯುವುದಾದರೆ ಹಿಂದಿನ ವಾಹನ ನೋಡಿಕೊಂಡು ಇಳಿದು ರಸ್ತೆಯಿಂದ ದೂರ ಸರಿದು ನಿಲ್ಲು. ತಗ್ಗಿದ ತಗಡು ಎಲ್ಲಿಗೂ ಓಡಿಹೋಗುವುದಿಲ್ಲ.

ಟ್ಯಾಕ್ಸಿಯವನ ಕೈಗೆ ಅಲ್ಲೇ 8,000 ರೂಪಾಯಿ ಕೊಟ್ಟು ಮಾತು ಮುಗಿಸಿದೆ ಎಂದು ಸಮಾಧಾನದಿಂದ ಬರೆದಿದ್ದೀಯ. ದುಡ್ಡು ಕೊಟ್ಟದ್ದು ಸರಿ. ಅವನ ಹೊಟ್ಟೆಪಾಡಿನ ಗಾಡಿ ಅದು. ಆದರೆ ಅಲ್ಲಿಗೆ ಮಾತು ಮುಗಿಯಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಇನ್ನೊಬ್ಬರಿಗೆ ಗಾಯವಾದರೆ ಮಾತ್ರವಲ್ಲ, ಅವರ ಸ್ವತ್ತಿಗೆ ಹಾನಿಯಾದರೂ ಚಾಲಕನು ಹತ್ತಿರದ ಪೊಲೀಸ್ ಠಾಣೆಗೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ ತಿಳಿಸಬೇಕು. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಬೇಕು. ನೀನು ಎರಡನ್ನೂ ಮಾಡಿಲ್ಲ. ಹನ್ನೊಂದು ದಿನವಾಗಿದೆ ಎಂದು ಕೈಕಟ್ಟಿ ಕೂರಬೇಡ. ಇವತ್ತೇ ಕಂಪನಿಗೆ ನಡೆದದ್ದನ್ನು ನಡೆದ ಹಾಗೆ ಬರೆದು ಫೋಟೋ ಸಮೇತ ಕಳಿಸು, ಠಾಣೆಗೆ ಈಗ ಏನು ಕೊಡಬೇಕೆಂದು ಅವರನ್ನೇ ಕೇಳು. ದುಡ್ಡು ತಲುಪಿದೆ, ಬೇರೇನೂ ಬಾಕಿಯಿಲ್ಲ ಎಂದು ಟ್ಯಾಕ್ಸಿಯವನಿಂದ ಎರಡು ಸಾಲು ಬರೆಸಿಕೊ. ನಿನ್ನ ಬಂಪರಿನ ಖರ್ಚಿಗೆ ಕ್ಲೇಮ್ ಮಾಡಬೇಕೋ ಬೇಡವೋ ಎಂಬುದು ಬೇರೆಯದೇ ಪ್ರಶ್ನೆ. ಮೂರು ವರ್ಷ ಕ್ಲೇಮ್ ಇಲ್ಲದೆ ನಿನಗೆ ಶೇಕಡಾ 35ರ ಬೋನಸ್, ಅಂದರೆ ವಿಮೆಯ ಕಂತಿನಲ್ಲಿ ರಿಯಾಯಿತಿ, ಸೇರಿದೆ. ಕ್ಲೇಮ್ ಮಾಡಿದರೆ ಅದು ಹೋಗುತ್ತದೆ. ಡೆಂಟಿಂಗ್, ಪೇಂಟಿಂಗಿನ ಅಂದಾಜು ತರಿಸಿ ನನಗೆ ಕಳಿಸು, ಲೆಕ್ಕ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ರಿಪೇರಿ ಮಾಡಿಸಬೇಡ, ರಿಪೇರಿಯಾದ ಮೇಲೆ ಸರ್ವೇಯರನಿಗೆ ನೋಡಲು ಏನೂ ಉಳಿದಿರುವುದಿಲ್ಲ.

ಇಷ್ಟು ಹೇಳುವ ಮಾವ ಎಂದಾದರೂ ಗುದ್ದಿದ್ದನೇ ಎಂದು ನೀನು ಕೇಳಿಲ್ಲ. ಹೇಳುತ್ತೇನೆ.

1998ರ ಜೂನ್. ಕೊಂಕಣ ರೈಲು ಪೂರ್ತಿ ಓಡಲು ಶುರುವಾಗಿ ಕೆಲವೇ ತಿಂಗಳಾಗಿತ್ತು, ಟಿಕೆಟ್ ಸಿಗದೆ ನನ್ನ ಮಾರುತಿ 800ರಲ್ಲೇ ಕುಮಟೆಗೆ ಹೊರಟಿದ್ದೆವು. ಪಕ್ಕದಲ್ಲಿ ನಿನ್ನ ಅತ್ತೆಯ ಅಣ್ಣ, ಹಿಂದೆ ನಿನ್ನ ಅತ್ತೆ ಮತ್ತು ನಿನ್ನ ಅಮ್ಮ. ಅಮ್ಮನ ಮಡಿಲಲ್ಲಿ ನೀನು, ಹತ್ತು ತಿಂಗಳ ಕೂಸು. ಪೋಲಾದಪುರದಲ್ಲಿ ಊಟಕ್ಕೆ ನಿಂತಾಗ ಮೊದಲ ಮಳೆ ಹನಿಯತೊಡಗಿತು. ಹೋಟೆಲಿನ ಮುದುಕ, ಕಶೇಡಿ ಘಟ್ಟಕ್ಕೆ ಈಗ ಹೋಗಬೇಡಿ, ಒಂದು ತಾಸು ಜೋರಾಗಿ ಸುರಿದು ರಸ್ತೆ ತೊಳೆದುಹೋಗಲಿ ಎಂದ. ಅವನು ಹೇಳಿದ್ದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಬೇಸಿಗೆಯುದ್ದಕ್ಕೂ ಲಾರಿಗಳಿಂದ ತೊಟ್ಟಿಕ್ಕಿದ ಎಣ್ಣೆ, ಧೂಳು ಎಲ್ಲ ಮೊದಲ ಹನಿಗಳಿಗೆ ಮೇಲೆದ್ದು ರಸ್ತೆ ಸಾಬೂನು ಸವರಿದಂತಾಗುತ್ತದೆ. ಅದನ್ನೇ ಎಷ್ಟೋ ವರದಿಗಳಲ್ಲಿ ಬರೆದಿದ್ದವನು ನಾನು. ಆದರೆ ಪಕ್ಕದಲ್ಲಿದ್ದ ನೆಂಟರು, ಸರ್ವೇಯರ್ ಸಾಹೇಬರಿಗೆ ನಾಲ್ಕು ಹನಿಗೇ ಭಯವೇ ಎಂದರು. ಹೊರಟುಬಿಟ್ಟೆ. ಮೂರನೆಯ ತಿರುವಿನಲ್ಲಿ ಬ್ರೇಕ್ ತುಳಿದೆ, ಚಕ್ರಗಳು ಕಚ್ಚಿಕೊಂಡವು, ಕಾರು ಅಡ್ಡಲಾಗಿ ಜಾರಿ ಹೋಗಿ ಕಲ್ಲಿನ ತಡೆಗೋಡೆಗೆ ತಾಗಿ ನಿಂತಿತು. ಗೋಡೆಯ ಆಚೆ ಏನಿತ್ತೆಂದು ಇಳಿದು ನೋಡಿದ್ದು ನಾನೊಬ್ಬನೇ. ನಿನ್ನ ಅಳು ಮಾತ್ರ ಕೇಳಿಸುತ್ತಿತ್ತು.

ಕುಮಟೆಯಲ್ಲಿ ಎಲ್ಲರೂ ಕೇಳಿದಾಗ ನಾಯಿ ಅಡ್ಡ ಬಂತು ಎಂದೆ. ಇದ್ದಕ್ಕಿದ್ದಂತೆ ಬಂತು ಎಂದೆ. ವಿಮಾ ಕಂಪನಿಗೆ ಏನೂ ಹೇಳದೆ ಕೈಯಿಂದಲೇ ರಿಪೇರಿ ಮಾಡಿಸಿದೆ. ಸುಳ್ಳು ಕಾಗದ ಬರೆಯುವಷ್ಟಕ್ಕೆ ಹೋಗಲಿಲ್ಲ ಎಂಬುದೊಂದೇ ಸಮಾಧಾನ. ನಾಯಿ ಇರಲಿಲ್ಲ. ಹಿಂದೆ ಕುಳಿತು ಮುಂದಿನ ರಸ್ತೆಯನ್ನೇ ನೋಡುತ್ತಿದ್ದ ನಿನ್ನ ಅಮ್ಮನಿಗೆ ಅದು ಗೊತ್ತು. ಅವತ್ತು ಎಲ್ಲರ ಮುಂದೆ ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ನಿನಗೆ ಹಾಲು ಕುಡಿಸಲು ಒಳಗೆ ಹೋದಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಮಾತು ಎತ್ತಿಲ್ಲ. ನಾನೂ ಎತ್ತಲಿಲ್ಲ. ಆ ನಂತರ ಅವಳು ನನ್ನ ಕಾರಿನಲ್ಲಿ ಊರಿಗೆ ಬಂದಿಲ್ಲ. ಪ್ರತಿ ಸಲ ರೈಲಿನ ಟಿಕೆಟ್ ಮೊದಲೇ ಮಾಡಿಸಿರುತ್ತಿದ್ದಳು. ನಾನು ಗುದ್ದಿದ್ದಕ್ಕೆ ಅವಳು ಹಾಗೆ ಮಾಡಿದಳೆಂದು ನನಗೆ ಅನಿಸುವುದಿಲ್ಲ. ನಿಜ ಹೇಳಿದ್ದರೆ ಮುಂದಿನ ವರ್ಷವೇ ಬರುತ್ತಿದ್ದಳು.

ಕಳೆದ ಭಾನುವಾರ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆವು. ನಿನ್ನ ಅಮ್ಮನೂ ಬಂದಿದ್ದಳು. ಕಾಫಿ ಕುಡಿಯುವಾಗ, ಅಣ್ಣಾ, ಅವನ ದನಿ ಯಾಕೋ ಸರಿಯಿಲ್ಲ, ಹತ್ತು ಮಾತು ಕೇಳಿದರೆ ಒಂದು ಆಡುತ್ತಾನೆ ಎಂದಳು. ಆಗ ನಿನ್ನ ಸಂದೇಶ ನನಗಿನ್ನೂ ಬಂದಿರಲಿಲ್ಲ. ಈಗ ಬಂದಿದೆ, ‘ಅಮ್ಮನಿಗೆ ಹೇಳಬೇಡಿ’ ಎಂಬ ಕೊನೆಯ ಸಾಲೂ ಅದರಲ್ಲಿದೆ. ನಾನಾಗಿ ಹೇಳುವುದಿಲ್ಲ. ಅವಳು ಕೇಳಿದರೆ ಮಾತ್ರ ಸುಳ್ಳು ಹೇಳಲಾರೆ. ಅವಳಿಗೆ ನಾನು ಒಂದು ಸುಳ್ಳು ಹೇಳಿ ಆಗಿದೆ. ಆದ್ದರಿಂದ ನೀನೇ ಹೇಳು. ಢಾಬಾದ ಹೆಂಗಸು ಹೇಳಿದ್ದು, ಸ್ನೇಹಿತರು ನಕ್ಕದ್ದು, ನೀನು ಹೊರಟದ್ದು, ಅದನ್ನು ಬಿಡಬೇಡ. ರಸ್ತೆ ಜಾರಿತು ಎಂದಷ್ಟೇ ಹೇಳಿದರೆ ಅವಳು ಪ್ರತಿ ಚಳಿಗಾಲ ಹೆದರುತ್ತಾಳೆ. ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಮುಂದೆ ನಿಲ್ಲುತ್ತೇನೆ ಎಂದರೆ ನಿದ್ದೆ ಮಾಡುತ್ತಾಳೆ.

ಆ ಸ್ನೇಹಿತರ ಮೇಲೆ ಮುನಿಸಿಕೊಳ್ಳಬೇಡ. ಅವರು ಕೆಟ್ಟವರಲ್ಲ, ಹಿಂದಿನ ಸೀಟಿನಲ್ಲಿ ಕುಳಿತವರಿಗೆ ರಸ್ತೆಯ ಭಾರ ಗೊತ್ತಾಗುವುದಿಲ್ಲ. ಮುಂದಿನ ಸಲ ‘ಇವತ್ತು ನಾನು ಓಡಿಸುವುದಿಲ್ಲ’ ಎಂದು ಹೇಳು. ಕಾರಣ ಕೊಡುತ್ತಾ ಹೋಗಬೇಡ. ಕಾರಣಕ್ಕೆ ಅವರ ಬಳಿ ಉತ್ತರ ಇರುತ್ತದೆ, ಆ ಒಂದು ವಾಕ್ಯಕ್ಕೆ ಇರುವುದಿಲ್ಲ. ಮನಾಲಿಯ ರೂಮಿನ ದುಡ್ಡು ಹೋದರೆ ಹೋಗಲಿ, ನಿನ್ನ ಪಾಲಿನದನ್ನು ನಾನು ಕೊಡುತ್ತೇನೆ.

ಇನ್ನು ಕಾರು ಮುಟ್ಟುವುದೇ ಇಲ್ಲ ಎಂದು ಬರೆದಿದ್ದೀಯ. ಅದು ಬೇಡ. ಈ ಶನಿವಾರ ಬೆಳಿಗ್ಗೆ ಜನರಿಲ್ಲದ ಹೊತ್ತಿನಲ್ಲಿ ಒಬ್ಬನೇ ಒಂದು ಅರ್ಧ ಗಂಟೆ ಓಡಿಸು. ಅದಕ್ಕೆ ಮೊದಲು ಚಕ್ರಗಳ ಅಲೈನ್‌ಮೆಂಟ್ ನೋಡಿಸು, ಮುಂಭಾಗಕ್ಕೆ ಪೆಟ್ಟು ಬಿದ್ದಿದೆ. ಖಾಲಿ ಮೈದಾನ ಸಿಕ್ಕರೆ ಮಣ್ಣಿನ ಮೇಲೆ ನಿಧಾನ ವೇಗದಲ್ಲಿ ಒಮ್ಮೆ ಬ್ರೇಕ್ ಜೋರಾಗಿ ತುಳಿದು ಎಬಿಎಸ್ ಅದುರುವುದನ್ನು ಕಾಲಿಗೆ ಪರಿಚಯ ಮಾಡಿಸು.

ನಿನ್ನ ಅತ್ತೆ ಉಣ್ಣೆಯ ಸ್ವೆಟರ್ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಪಾರ್ಸೆಲ್ ಮಾಡಿದ್ದಾಳೆ, ವಾರದೊಳಗೆ ತಲುಪುತ್ತದೆ. ಟ್ಯಾಕ್ಸಿಯವನ ನಂಬರ್ ಇದೆ ಎಂದಿದ್ದೀಯ. ಅಮ್ಮನಿಗೆ ಫೋನ್ ಮಾಡಿದ ಮೇಲೆ ಅವನಿಗೂ ಮಾಡು. ಆ ಎರಡು ಸಾಲಿನ ಮಾತು ಎತ್ತುವ ಮೊದಲು ಒಡೆದ ಹಿಂಬದಿಯ ದೀಪ ಹಾಕಿಸಿದನೇ ಎಂದು ಕೇಳು. ಅವನು ಒಂದೇ ದೀಪದಲ್ಲಿ ಆ ಒಂಬತ್ತು ಕಿಲೋಮೀಟರ್ ಸುರಂಗದೊಳಗೆ ದಿನವೂ ಓಡಾಡುವಂತಾಗಬಾರದು.

ಇತಿ ನಿನ್ನ
ಮಾವ