350 ರೂಪಾಯಿಯ ಜಾಯ್‌ಸ್ಟಿಕ್ ಇನ್ನು ನಮ್ಮಲ್ಲಿ ಸಿಗುವುದಿಲ್ಲ

ನಮ್ಮ ಎಲ್ಲ ಗಿರಾಕಿಗಳಿಗೆ ನಮಸ್ಕಾರ.

ಗಾಜಿನ ಕಪಾಟಿನ ಕೆಳಗಿನ ಸಾಲಿನಲ್ಲಿ ಇರುತ್ತಿದ್ದ 350 ರೂಪಾಯಿಯ ಯುಎಸ್‌ಬಿ ಜಾಯ್‌ಸ್ಟಿಕ್ ನಿಮಗೆಲ್ಲ ಗೊತ್ತು. ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಹಳೇ ಗೇಮ್ ಯಂತ್ರದ ಹಾಗೆ ಕೆಲಸ ಮಾಡುವ ಸಾಫ್ಟ್‌ವೇರ್) ಹಾಕಿಕೊಂಡು ಹಳೇ ಗೇಮ್ ಆಡುವವರು ಹೆಚ್ಚಾಗಿ ಒಯ್ಯುತ್ತಿದ್ದದ್ದು ಅದನ್ನೇ. ಈ ತಿಂಗಳಿಂದ ಅದರ ಮಾರಾಟ ನಿಲ್ಲಿಸಿದ್ದೇವೆ. ಜೋಡಿಗೆ 600 ರೂಪಾಯಿ ಅಂತ ಕೊಡುತ್ತಿದ್ದದ್ದೂ ಇಲ್ಲ. ಇನ್ನು ಮೇಲೆ ನಮ್ಮಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದು ಅಂದರೆ 1,100 ರೂಪಾಯಿಯದು. ಇದೇನು, ಒಂದಕ್ಕೆ ಮೂರು ಪಟ್ಟು ಅಂತ ನೀವು ಕೇಳೇ ಕೇಳುತ್ತೀರಿ. ಅದಕ್ಕೇ ಈ ಪತ್ರ.

ಬೇಸಿಗೆ ರಜೆಯಲ್ಲಿ ಉಣಕಲ್ಲಿನ ಒಬ್ಬ ಹುಡುಗ ಒಂದೇ ವಾರದಲ್ಲಿ ಎರಡು ಸಲ ಬಂದ. "ಅಣ್ಣಾರ, ನಾ ಮುಂದ ನಡಿ ಅಂತೀನ್ರಿ, ಇಂವ ಮ್ಯಾಲೆ ಜಿಗೀತಾನ್ರಿ" ಅಂದ. ಸ್ಟ್ರೀಟ್ ಫೈಟರ್ ಅನ್ನುವ ಹೊಡೆದಾಟದ ಗೇಮ್ ಆಡುತ್ತಿದ್ದನಂತೆ. ಮೊದಲ ಸಲ ಸುಮ್ನೆ ಬೇರೆ ಪೀಸ್ ಕೊಟ್ಟು ಕಳಿಸಿದೆವು. ಅದೂ ಜಿಗಿಯಿತು. ಎರಡನೇ ಸಲ ಅವನ ಎದುರಿಗೇ ಸ್ಕ್ರೂ ಬಿಚ್ಚಿದೆವು.

ಒಳಗೆ ಒಂದು ಬೋರ್ಡು, ಅದರ ಮೇಲೆ ರಬ್ಬರ್ ಹಾಳೆ, ರಬ್ಬರಿನ ಅಡಿಗೆ ಕರೀ ಚುಕ್ಕೆಗಳು. ಬಟನ್ ಒತ್ತಿದಾಗ ಕರೀ ಚುಕ್ಕೆ ಬೋರ್ಡಿನ ಗೆರೆಗಳನ್ನು ಕೂಡಿಸುತ್ತದೆ, ಅಷ್ಟೇ. ಟಿವಿ ರಿಮೋಟಿನ ಒಳಗೂ ಹೀಗೇ ಇರುತ್ತದೆ. ಒಳ್ಳೇ ಜಾಯ್‌ಸ್ಟಿಕ್ಕುಗಳಲ್ಲೂ ರಬ್ಬರೇ ಇರುವುದರಿಂದ ಅದನ್ನು ಬೈಯುವಂತಿಲ್ಲ. ಆದರೆ ಎಡಗಡೆ ಇರುವ, ನಾಲ್ಕೂ ದಿಕ್ಕಿಗೆ ಒತ್ತುವ ಬಾಣದ ಬಟನ್ ತೆಗೆದು ತಿರುವಿ ನೋಡಿದರೆ, ಅಡಿಗೆ ಸಪಾಟು. ಅಲ್ಲಿ ನಡುವೆ ಒಂದು ಜೋಳದ ಕಾಳಿನಷ್ಟು ಗುಬಟು ಇರಬೇಕಿತ್ತು. ಪಾರ್ಕಿನ ಸೀಸಾ ಹಲಗೆಗೆ ನಡುವೆ ಆಸರೆ ಇರುತ್ತದಲ್ಲ, ಹಾಗೆ. ಆ ಆಸರೆ ಇದ್ದರೆ ಬಲಗಡೆ ಒತ್ತಿದಾಗ ಬಲಗಡೆ ಮಾತ್ರ ಬಾಗುತ್ತದೆ. ಇಲ್ಲದಿದ್ದರೆ ಇಡೀ ಬಟನ್ನೇ ಕುಸಿದು ಪಕ್ಕದ ಚುಕ್ಕೆಗೂ ತಾಗುತ್ತದೆ. ಬಲಕ್ಕೆ ಅಂತ ನೀವು ಒತ್ತುತ್ತೀರಿ, ಕಂಪ್ಯೂಟರಿಗೆ ಬಲಕ್ಕೆ ಮತ್ತು ಮೇಲಕ್ಕೆ ಅಂತ ಹೋಗುತ್ತದೆ. ಸ್ಟ್ರೀಟ್ ಫೈಟರ್‌ನಲ್ಲಿ ಮೇಲಕ್ಕೆ ಅಂದರೆ ಜಿಗಿತ.

ಈ ಬಾಣದ ಬಟನ್ ಹೊಸ ವಿದ್ಯೆಯೇನೂ ಅಲ್ಲ. ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಗುನ್‌ಪೇ ಯೊಕೊಯ್ 1982ರಲ್ಲಿ ಕೈಯಲ್ಲಿ ಹಿಡಿದು ಆಡುವ ಡಾಂಕಿ ಕಾಂಗ್‌ಗಾಗಿ ಮಾಡಿದ್ದು. ಮರುವರ್ಷ ಬಂದ, ಟಿವಿಗೆ ಹಚ್ಚಿ ಆಡುವ ಅವರದೇ ಫ್ಯಾಮಿಕಾಮ್ ಯಂತ್ರಕ್ಕೂ ಅದನ್ನೇ ಹಾಕಿದರು. ನಾವೆಲ್ಲ ಟಿವಿ ಗೇಮ್ ಅಂತ ಕರೆದು, ಕ್ಯಾಸೆಟ್ಟನ್ನು ಊದಿ ಊದಿ ಸಿಕ್ಕಿಸಿ ಆಡಿದ್ದು ಆ ಫ್ಯಾಮಿಕಾಮಿನ ನಕಲುಗಳನ್ನೇ.

ಇನ್ನು ನಮ್ಮ ತಪ್ಪು. ಇಷ್ಟು ದಿನ ಪ್ರತಿ ಪೀಸನ್ನೂ ಚೆಕ್ ಮಾಡಿಯೇ ಕೊಡುತ್ತಿದ್ದೆವು, ಆದರೆ ಮಾರಿಯೋ ಹಾಕಿ ಚೆಕ್ ಮಾಡುತ್ತಿದ್ದೆವು. ಮಾರಿಯೋದಲ್ಲಿ ಬಳ್ಳಿ ಹತ್ತುವುದು ಬಿಟ್ಟರೆ ಮೇಲಿನ ಬಾಣಕ್ಕೆ ಹೆಚ್ಚೂಕಡಿಮೆ ಕೆಲಸವೇ ಇಲ್ಲ! ಹಾಗಾಗಿ ದೋಷ ಇದ್ದರೂ ಕಾಣಲಿಲ್ಲ. ಗುಂಡು ಹಾರಿಸುವ ಗೇಮ್ ಕಾಂಟ್ರಾ ಹಾಕಿದ್ದರೆ ಒಂದೇ ನಿಮಿಷಕ್ಕೆ ಗೊತ್ತಾಗುತ್ತಿತ್ತು. ಗುಂಡು ಓರೆಯಾಗಿ ಆಕಾಶಕ್ಕೆ ಹೋಗುತ್ತದೆ, ಎದುರಿನವನು ಸೀದಾ ಬಂದು ಮೈಮೇಲೆ ಬೀಳುತ್ತಾನೆ. ಮಾಲು ಕೊಡುವವರಿಗೆ ಫೋನ್ ಮಾಡಿದರೆ "ಈ ರೇಟಿಗೆ ಇಷ್ಟೇ ಬರೋದು" ಅಂದರು. ಅವರ ಮಾತೂ ಸುಳ್ಳಲ್ಲ ಬಿಡಿ.

ಈಗ ಮೂರು ಥರದ್ದನ್ನು ಇಟ್ಟಿದ್ದೇವೆ. 1,100ರದ್ದು ಸೂಪರ್ ನಿಂಟೆಂಡೊ ಆಕಾರದ್ದು. ಕೇಬಲ್ ಇದೆ, ಹೆಬ್ಬೆರಳಲ್ಲಿ ತಿರುಗಿಸುವ ಸ್ಟಿಕ್ ಇಲ್ಲ, ಬಲಗಡೆ ನಾಲ್ಕು ಬಟನ್, ತೋರುಬೆರಳಿಗೆ ಎರಡು. ಹಳೇ ಟಿವಿ ಗೇಮ್, ಸೂಪರ್ ನಿಂಟೆಂಡೊ, ಗೇಮ್‌ಬಾಯ್ ಅಡ್ವಾನ್ಸ್, ಇವಿಷ್ಟೇ ಆಡುವವರು ಇದಕ್ಕಿಂತ ಜಾಸ್ತಿ ಖರ್ಚು ಮಾಡಬೇಡಿ. ಎರಡನೆಯದರಲ್ಲಿ ಬಲಗಡೆ ಆರು ಬಟನ್, ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರಕ್ಕೆ 1993ರಲ್ಲಿ ಬಂದ ಜಾಯ್‌ಸ್ಟಿಕ್ಕಿನ ಹಾಗೆ. ಸ್ಟ್ರೀಟ್ ಫೈಟರ್‌ನಲ್ಲಿ ಮೂರು ಗುದ್ದು, ಮೂರು ಒದೆತ. ಆರೂ ಹೆಬ್ಬೆರಳಿಗೇ ಸಿಗಬೇಕು ಅನ್ನುವವರು ಇದನ್ನು ಒಯ್ಯಿರಿ.

ಮೂರನೆಯದು ಎರಡು ಸ್ಟಿಕ್ ಇರುವುದು. ಪ್ಲೇಸ್ಟೇಷನ್, ನಿಂಟೆಂಡೊ 64 ಆಡುವವರಿಗೆ ಇದು ಬೇಕು. ಇಂಥದ್ದನ್ನು ಎಲ್ಲೇ ಕೊಂಡರೂ ಒಂದು ನೋಡಿಕೊಳ್ಳಿ. ಎಡಗೈ ಹೆಬ್ಬೆರಳು ಸಹಜವಾಗಿ ಹೋಗಿ ಕೂರುವ ಮೇಲಿನ ಜಾಗದಲ್ಲಿ ಸ್ಟಿಕ್ ಇದೆಯೋ, ಬಾಣದ ಬಟನ್ ಇದೆಯೋ? ಎಕ್ಸ್‌ಬಾಕ್ಸ್ ಥರದ್ದರಲ್ಲಿ ಸ್ಟಿಕ್ ಮೇಲೆ. ಹೊಸ ಗೇಮ್‌ಗಳಿಗೆ ಅದೇ ಒಳ್ಳೆಯದು. ಹಳೇ ಗೇಮ್‌ಗಳಲ್ಲಿ ಎಲ್ಲ ಕೆಲಸ ಬಾಣದ್ದೇ, ಹೆಬ್ಬೆರಳು ಕೆಳಗೆ ಬಗ್ಗಿಸಿಕೊಂಡೇ ಒಂದು ತಾಸು ಆಡಿದರೆ ನೋಯುತ್ತದೆ. ಆದ್ದರಿಂದ ನಾವು ತರಿಸಿದ್ದು ಪ್ಲೇಸ್ಟೇಷನ್ ಥರದ್ದು, ಬಾಣ ಮೇಲೆ ಇರುವುದು. ಸ್ಟಿಕ್ಕಿನ ಒಳಗೆ, ಅದು ಎತ್ತ ಬಾಗಿತು ಅಂತ ಆಯಸ್ಕಾಂತದಿಂದ ಗುರುತಿಸುವ ಹಾಲ್ ಸೆನ್ಸರ್ ಇದೆ. ತಿಕ್ಕಾಟ ಇಲ್ಲದ್ದರಿಂದ ಬೇಗ ಸವೆಯುವುದಿಲ್ಲ. ನೀವು ಮುಟ್ಟದೇ ಇದ್ದರೂ ಗೊಂಬೆ ತಾನೇ ನಡೆಯುವ ಕಾಟ ಕಡಿಮೆ.

ಬಟನ್ ಮೇಲಿನ ಅಕ್ಷರ ನಂಬಬೇಡಿ, ಜಾಗ ನೋಡಿ. ನಿಂಟೆಂಡೊದಲ್ಲಿ ಎ ಬಲಕ್ಕೆ, ಬಿ ಕೆಳಗೆ. ಎಕ್ಸ್‌ಬಾಕ್ಸ್‌ನಲ್ಲಿ ಎ ಕೆಳಗೆ, ಬಿ ಬಲಕ್ಕೆ. ಮಾರಿಯೋ ಆಡುವಾಗ ಹೆಬ್ಬೆರಳಿನ ತುದಿಯಲ್ಲಿ ಓಟದ ಬಟನ್ ಒತ್ತಿ ಹಿಡಿದುಕೊಂಡೇ, ಅದೇ ಬೆರಳಿನ ಗೆಣ್ಣನ್ನು ಹೊರಳಿಸಿ ಜಿಗಿಯಬೇಕು, ಅಲ್ವಾ? ಎಮ್ಯುಲೇಟರಿನ ಸೆಟ್ಟಿಂಗ್‌ನಲ್ಲಿ ಬಲಗಡೆಯ ನಾಲ್ಕರ ಪೈಕಿ ಎಡದ ಬಟನ್ನಿಗೆ ಓಟ, ಕೆಳಗಿನದಕ್ಕೆ ಜಿಗಿತ ಅಂತ ಕೊಡಿ. ಬೆರಳಿಗೆ ಹಳೇ ಅಭ್ಯಾಸ ತಾನೇ ವಾಪಸ್ ಬರುತ್ತದೆ.

ಬ್ಲೂಟೂತ್ ಕೇಳುವವರು ಬಹಳ. ಬೇಕೆಂದರೆ ತರಿಸಿಕೊಡುತ್ತೇವೆ, ಆದರೆ ನಮ್ಮ ಮತ ಕೇಬಲ್ಲಿಗೇ. ಬ್ಲೂಟೂತ್‌ನಲ್ಲಿ ನೀವು ಒತ್ತಿದ್ದು ತಲುಪುವುದು ಸ್ವಲ್ಪ ತಡವಾಗಬಹುದು. ಗೇಮ್ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ ಅಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಒಂದೆರಡು ಚಿತ್ರ ತಡವಾದರೂ ಜಿಗಿತ ತಪ್ಪಿ ಗುಂಡಿಗೆ ಬೀಳುತ್ತೀರಿ. ಕಂಪ್ಯೂಟರನ್ನು ಟಿವಿಗೆ ಹಚ್ಚಿ ಆಡುವವರು ಮೊದಲು ಟಿವಿಯ ಗೇಮ್ ಮೋಡ್ ಆನ್ ಮಾಡಿ ನೋಡಿ. ಎಷ್ಟೋ ಸಲ ತಡ ಮಾಡುವುದು ಟಿವಿ, ಬೈಸಿಕೊಳ್ಳುವುದು ಜಾಯ್‌ಸ್ಟಿಕ್.

ಇನ್ನೊಂದು ಬದಲಾವಣೆ. ಪೆನ್‌ಡ್ರೈವ್‌ನಲ್ಲಿ ಗೇಮ್ ತುಂಬಿಸಿಕೊಡುವುದನ್ನೂ ನಿಲ್ಲಿಸಿದ್ದೇವೆ. ಎಮ್ಯುಲೇಟರ್ ಹಾಕಿಕೊಡುತ್ತೇವೆ, ಬಟನ್ ಸೆಟ್ ಮಾಡಿಕೊಡುತ್ತೇವೆ. ಗೇಮ್‌ಗಳು ಎಷ್ಟೇ ಹಳೆಯವಾದರೂ ಅವುಗಳ ಹಕ್ಕು ಕಂಪನಿಗಳದ್ದು, ಅದನ್ನು ಹಂಚುವುದು ನಮ್ಮ ಕೆಲಸವಲ್ಲ.

ಕಳೆದ ಆರು ತಿಂಗಳಲ್ಲಿ 350ರದ್ದು ಒಯ್ದವರು ಅದನ್ನು ತಂದುಕೊಡಿ. ಹೊಸದು ತಗೊಂಡರೆ ಪೂರ್ತಿ 350 ಮುರಿದುಕೊಳ್ಳುತ್ತೇವೆ. ಬಿಲ್ ಕಳೆದಿದ್ದರೂ ನಡೆಯುತ್ತದೆ, ನೋಡಿದರೆ ನಮ್ಮ ಮಾಲು ನಮಗೆ ಗೊತ್ತಾಗುತ್ತದೆ. ತರುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ವಿಂಡೋಸ್‌ನಲ್ಲಿ 'ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್' ಅಂತ ಹುಡುಕಿ ತೆರೆದು, ಪ್ರಾಪರ್ಟೀಸ್‌ಗೆ ಹೋಗಿ, ಬಲದ ಬಾಣವನ್ನು ಗಟ್ಟಿಯಾಗಿ ಒತ್ತಿ ಬೆರಳನ್ನು ಸ್ವಲ್ಪ ಹೊರಳಾಡಿಸಿ. ಗುರುತು ಬಲಕ್ಕೇ ನಿಂತರೆ ನಿಮ್ಮ ಪೀಸ್ ಚೆನ್ನಾಗಿದೆ. ಬರೀ ಮಾರಿಯೋ ಆಡುವವರಾದರೆ ಅದೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ಗದಗ, ಹಾವೇರಿ ಕಡೆಯವರು ಬರಬೇಕಿಲ್ಲ, ಪಾರ್ಸೆಲ್ ಮಾಡಿ. ಹೊಸದು ಕಳಿಸುವ ಖರ್ಚು ನಮ್ಮದು. ಹುಬ್ಬಳ್ಳಿ ಧಾರವಾಡದವರಿಗೆ ಕಿಟಕಿಯ ಪಕ್ಕ ಒಂದು ಮೇಜು ಹಾಕಿದ್ದೇವೆ. ಮೂರನ್ನೂ ಡಬ್ಬಿಯಿಂದ ತೆಗೆದು ಇಟ್ಟಿದ್ದೇವೆ. ನಿಮ್ಮ ಲ್ಯಾಪ್‌ಟಾಪ್ ತಂದು, ನೀವು ಆಡುವ ಗೇಮಿನಲ್ಲೇ ನೋಡಿ ತಗೊಳ್ಳಿ. ಒಯ್ದ ಮೇಲೆ ಕೈಗೆ ಒಗ್ಗದಿದ್ದರೆ 15 ದಿನದೊಳಗೆ ಬದಲಿಸಿಕೊಡುತ್ತೇವೆ.

ಭಾನುವಾರ ಅಂಗಡಿ ಬಂದ್. ಉಳಿದ ದಿನ ಸಂಜೆ ಕಾಲೇಜು ಹುಡುಗರು ಗಿರ್ಮಿಟ್ ತಿಂದ ಕೈಯಲ್ಲೇ ಬಂದು ಮೇಜಿಗೆ ಮುತ್ತುತ್ತಾರೆ. ನಿಧಾನವಾಗಿ ನೋಡಬೇಕೆಂದರೆ ಮಧ್ಯಾಹ್ನ ಬನ್ನಿ.

ನಿಮ್ಮ,
ಅಂಗಡಿಯವರು
ಕೊಪ್ಪಿಕರ್ ರಸ್ತೆ, ಹುಬ್ಬಳ್ಳಿ